ಭಾವ ಒಪ್ಪಿಕೊಂಡ ದಿನ

ಭಾವನ ಟೈಲರ್ ಅಂಗಡಿಗೆ ಚರಂಡಿ ನೀರು ನುಗ್ಗಿದೆ ಎಂದು ಕೇಳಿದಾಗ ಭಾಮೈದನಿಗೆ ಮೊದಲು ಆದದ್ದು ಖುಷಿ, ಗಾಬರಿ ಆಮೇಲೆ. ಆ ಚರಂಡಿ ಕಟ್ಟಿಸಿದ್ದು ಭಾವನ ಪಕ್ಷ. ಉದ್ಘಾಟನೆಯ ದಿನ ಭಾವನೇ ಮುಂದೆ ನಿಂತು ಚಪ್ಪಾಳೆ ತಟ್ಟಿದ್ದ.

ಭಾಮೈದನದು ಎದುರು ಪಕ್ಷ; ಅವರಿಬ್ಬರದು ಹಳೆಯ ಜಗಳ. ಇವನು ನಿಮ್ಮವರು ರಸ್ತೆ ಹಾಳು ಮಾಡಿದರು ಎಂದರೆ, ಅವನು ನಿಮ್ಮವರಿದ್ದಾಗ ರಸ್ತೆಯೇ ಎಲ್ಲಿತ್ತು ಎನ್ನುತ್ತಿದ್ದ. ಅವನು ಆಸ್ಪತ್ರೆಯ ಮಾತೆತ್ತಿದರೆ ಇವನು ಶಾಲೆಯ ಮಾತು ತೆಗೆಯುತ್ತಿದ್ದ. ಕೇಳಿದ್ದಕ್ಕೆ ಉತ್ತರ ಕೊಟ್ಟವನು ಸೋತಂತೆ ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು.

ದಾರಿಯುದ್ದಕ್ಕೂ ಭಾಮೈದ ಮಾತು ಹೊಂದಿಸಿಕೊಂಡ. ನಮ್ಮವರ ಕಾಲದಲ್ಲಿ ಕುಸಿದ ಸೇತುವೆಯ ಕಥೆಯನ್ನು ಭಾವ ತೆಗೆದೇ ತೆಗೆಯುತ್ತಾನೆ. ಆಗ ಅವನ ಪಕ್ಷದವರು ಕಟ್ಟಿಸಿದ, ಸೋರುವ ನೀರಿನ ಟ್ಯಾಂಕನ್ನು ಮುಂದಿಡಬೇಕು.

ಅಂಗಡಿಯಲ್ಲಿ ಪಾದ ಮುಳುಗುವಷ್ಟು ಕೆಸರುನೀರು. ಅಕ್ಕ ಬಟ್ಟೆ ಕತ್ತರಿಸುವ ಮೇಜು ಹತ್ತಿ, ಗಿರಾಕಿಗಳ ಬಟ್ಟೆಗಳನ್ನೆಲ್ಲ ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ಭಾವ ಪ್ಯಾಂಟು ಮಡಚಿ, ಬಕೆಟ್ಟಿನಲ್ಲಿ ನೀರು ತುಂಬಿ ಬೀದಿಗೆ ಸುರಿಯುತ್ತಿದ್ದ.

"ಏನ್ ಭಾವ, ನಿಮ್ಮವರ ಚರಂಡಿ ಬಾಗಿಲಿಗೇ ಬಂದು ಸೇವೆ ಮಾಡ್ತಾ ಇದೆ?" ಎಂದ ಭಾಮೈದ, ಹೊಸ್ತಿಲಲ್ಲೇ ನಿಂತು.

ಭಾವ ಸೊಂಟ ನೆಟ್ಟಗೆ ಮಾಡಿಕೊಂಡ. "ಹೌದಪ್ಪ. ಕೆಟ್ಟದಾಗಿ ಕಟ್ಟಿದ್ರು. ತಪ್ಪು ನಮ್ಮವರದ್ದೇ."

ಭಾಮೈದ ಕಾದ. 'ಆದರೆ' ಬರಲೇ ಇಲ್ಲ. ಭಾವ ಮತ್ತೆ ಬಗ್ಗಿ ನೀರು ತುಂಬತೊಡಗಿದ. ಅಷ್ಟು ದೂರದಿಂದ ಹೊತ್ತು ತಂದ ಟ್ಯಾಂಕು ಭಾಮೈದನ ಗಂಟಲಲ್ಲೇ ಸಿಕ್ಕಿಕೊಂಡಿತು.

"ಹೀಗಂದ್ಬಿಟ್ರೆ ಹೇಗೆ ಭಾವ? ನಾನೀಗ ಏನು ಹೇಳ್ಲಿ?"

"ಏನೂ ಹೇಳ್ಬೇಡ. ಅಲ್ಲಿ ಇನ್ನೊಂದು ಬಕೆಟ್ ಇದೆ ನೋಡು."

ಭಾಮೈದನೂ ಪ್ಯಾಂಟು ಮಡಚಿದ. ಇವರಿಬ್ಬರೂ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದನ್ನು ಅಕ್ಕ ಮದುವೆಯಾದಾಗಿನಿಂದ ಕಂಡಿರಲಿಲ್ಲ. ಜ್ವರವೇನಾದರೂ ಬಂದಿದೆಯೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಅಲ್ಲಲ್ಲಿ ನೆಲ ಕಾಣಿಸತೊಡಗಿದಾಗ ಭಾಮೈದನಿಗೆ ಸುಮ್ಮನಿರಲು ಆಗಲಿಲ್ಲ. ಋಣ ಉಳಿದಂತೆ ಏನೋ ಕೊರೆಯುತ್ತಿತ್ತು. ಭಾವನ ಕಡೆ ನೋಡದೆ ಮೆಲ್ಲಗೆ ಹೇಳಿದ: "ಆ ಚರಂಡಿಗೆ ಮೊದಲು ನಕ್ಷೆ ಹಾಕಿದ್ದು... ನಮ್ಮವರೇ ಭಾವ."

ಭಾವನ ಕೈ ನಿಂತಿತು. ಮುಖ ನಿಧಾನವಾಗಿ ಅರಳಿತು. ಬಕೆಟ್ಟನ್ನು ಕೆಳಗಿಟ್ಟು, ಸ್ಟೂಲು ಎಳೆದುಕೊಂಡು, ಕಾಲಮೇಲೆ ಕಾಲು ಹಾಕಿ ಕೂತ.

ಅಕ್ಕ ಮೇಜಿನಿಂದ ಇಳಿದು ಬಂದು, ಬಕೆಟ್ಟನ್ನು ಮತ್ತೆ ಅವನ ಕೈಗೆ ಕೊಟ್ಟಳು.