ಪೇರಲ ಗಿಡದ ಬೇಲಿ

ಹಿರೇಬೆಂಡಿಗೇರಿಯಿಂದ ಶಿಗ್ಗಾವಿಯವರೆಗೂ ಕರಬಸಪ್ಪ ಪೇರಲ ಕಳ್ಳನನ್ನು ಬೈಯುತ್ತಲೇ ಬೈಕು ಓಡಿಸಿದ. ಹಿತ್ತಲ ಗಿಡಕ್ಕೆ ಜಾಲಿಮುಳ್ಳಿನ ಬೇಲಿ ಬಿಗಿದರೂ ಹಣ್ಣು ಮಾಯವಾಗುವುದು ನಿಂತಿರಲಿಲ್ಲ.

"ಸಿಗಲಿ ಅಂವಾ, ಕೈ ಮುರೀತೇನಿ" ಎಂದ. ಮುಂದೆ ಕೂತಿದ್ದ ಪಕ್ಕದ ಮನೆಯ ಪುಟ್ಟ ಮಲ್ಲಿಕಾ ತನ್ನ ಎಡಗೈಯನ್ನು ಎದೆಗವಚಿಕೊಂಡಳು. ನೋಯುತ್ತಿರಬೇಕೆಂದು ಅವನು ಬೈಕು ನಿಧಾನ ಮಾಡಿದ.

ಆ ಕೈಯಲ್ಲಿ ಎದ್ದಿದ್ದ ಗಂಟೇ ಅವರನ್ನು ಹೊರಡಿಸಿದ್ದು. ಮೊಣಕೈ ಕೆಳಗೆ ಅಡಿಕೆ ಗಾತ್ರಕ್ಕೆ ಊದಿದ್ದು ತಿಂಗಳಾದರೂ ಇಳಿದಿರಲಿಲ್ಲ. ಸುಣ್ಣ, ಅರಿಸಿನ ಹಚ್ಚಿದ್ದಾಯಿತು, ಎಕ್ಸ್‌ರೇ ತೆಗೆಸಿದ್ದಾಯಿತು. ಎಲುಬು ಸರಿಯಿದೆ, ಸ್ಕ್ಯಾನ್ ಮಾಡಿಸಿ ಎಂದಿದ್ದರು. ಸ್ಕ್ಯಾನ್ ಎಂದೊಡನೆ, ಈಗ ಬೈಕಿನ ಹಿಂದೆ ಕೂತಿದ್ದ ಅವಳ ಅಜ್ಜಿ ಅನ್ನವ್ವನ ಎದೆ ಧಸಕ್ಕೆಂದಿತ್ತು. ದೊಡ್ಡ ರೋಗದ ಹೆಸರನ್ನು ಬಾಯಿಗೆ ತರಲೂ ಅವಳಿಗೆ ಧೈರ್ಯವಿರಲಿಲ್ಲ. ಕರಬಸಪ್ಪನಿಗೂ ಹೆದರಿಕೆಯೇ. ಹೆದರಿದಾಗ ಯಾರನ್ನಾದರೂ ಬೈಯದಿದ್ದರೆ ಅವನಿಗೆ ಸಮಾಧಾನವಿಲ್ಲ.

ಸ್ಕ್ಯಾನ್ ಕೋಣೆಯಲ್ಲಿ ಡಾಕ್ಟರ್ ಜಯಶ್ರೀ ಗಂಟಿನ ಮೇಲೆ ತಣ್ಣನೆಯ ಜೆಲ್ ಸವರಿ, ಯಂತ್ರದ ಹಿಡಿಯನ್ನು ಅತ್ತಿತ್ತ ಆಡಿಸಿದರು. ಅನ್ನವ್ವ ಊರಿನ ದೇವರನ್ನೆಲ್ಲ ಕರೆದು ಮುಗಿಸಿ, ಪಕ್ಕದೂರಿನ ದೇವರುಗಳನ್ನು ಶುರು ಮಾಡಿದ್ದಳು. ಅಷ್ಟರಲ್ಲಿ ಡಾಕ್ಟರು ನಕ್ಕರು.

"ಹೆದರಬ್ಯಾಡ್ರಿ. ಈ ಬಿಳಿ ಗೆರಿ ನೋಡ್ರಿ, ಮುಳ್ಳು. ಮುರದು ಒಳಗ ಕುಂತೈತಿ, ಅದರ ಸುತ್ತ ಗಂಟು ಕಟ್ಟೇತಿ. ಎಕ್ಸ್‌ರೇದಾಗ ಮುಳ್ಳು ಕಾಣಂಗಿಲ್ರಿ." ಸ್ವಲ್ಪ ಕೊಯ್ದು ತೆಗೆದರೆ ಮುಗಿಯಿತು ಎಂದರು.

ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು. ಅನ್ನವ್ವ ಅಳುತ್ತಲೇ ನಕ್ಕಳು. ಎಲ್ಲಿ ಚುಚ್ಚಿಸಿಕೊಂಡೆ ಎಂದು ಕೇಳಿದರೆ ಮಲ್ಲಿಕಾ ಸುಮ್ಮನೆ ಮೇಲೆ ನೋಡಿದಳು. ಕರಬಸಪ್ಪ ಪರದೆಯನ್ನು ನೋಡಿದ. ಅಷ್ಟುದ್ದದ ಮುಳ್ಳು ಯಾರ ಬೇಲಿಯದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಆರಿಸಿ ಆರಿಸಿ ಕಡಿದು ತಂದವನು ಅವನೇ.

"ಕಾಕಾ," ಹುಡುಗಿ ಮೆಲ್ಲಗೆ ಕೇಳಿದಳು, "ಕೈ ಈಗ ಮುರೀತೀಯೋ, ಮುಳ್ಳು ತಗದ ಮ್ಯಾಲ ಮುರೀತೀಯೋ?"

ಕರಬಸಪ್ಪ ಅವಳ ತಲೆ ಸವರಿದ.

ಮರುದಿನ ಬೆಳಿಗ್ಗೆ ಕುಡುಗೋಲು ಹಿಡಿದು ಹಿತ್ತಲಿಗೆ ಹೋದ. ಆಡುಗಳ ಕಾಟವಿತ್ತಲ್ಲ, ಬೇಲಿ ಕೀಳಲಿಲ್ಲ. ಹಣ್ಣಿನ ಕೊಂಬೆ ಬಾಗಿದ್ದ ಕಡೆ, ಮಲ್ಲಿಕಾಳ ಭುಜದ ಎತ್ತರಕ್ಕೆ ಒಂದು ಕಿಂಡಿ ಮಾಡಿ, ಸುತ್ತಲಿನ ಮುಳ್ಳನ್ನೆಲ್ಲ ಸವರಿ ತೆಗೆದ. ಆಮೇಲೆ ಅಂಗಿಯ ತೋಳು ಮಡಚಿ, ತನ್ನ ಬರಿಗೈಯನ್ನು ಒಳಗೆ ಹಾಕಿ ಅತ್ತಿತ್ತ ಆಡಿಸಿ ನೋಡಿದ.