ಒಂದ್ಸಲಾನೂ ಹಾಕದ ಶೂ

ಸೋಮವಾರ ಬಂತೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಶುಕ್ರವಾರ ನಮ್ಮ ಮಳಿಗೆಯಲ್ಲಿ ಟ್ರೆಕ್ಕಿಂಗ್ ಶೂ ಕೊಂಡವರು ಶನಿವಾರ, ಭಾನುವಾರ ಬೆಟ್ಟ ಹತ್ತಿ, ಫೋಟೊ ತೆಗೆಸಿಕೊಂಡು, ಸೋಮವಾರ ಅದನ್ನೇ ವಾಪಸ್ ತರುತ್ತಾರೆ. 'ಹಾಕಿರದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ' ಎಂದು ಗೋಡೆಯ ಮೇಲೆ ನಾವೇ ಬರೆದಿದ್ದೇವಲ್ಲ!

"ಸೈಜ್ ಆಗ್ಲಿಲ್ಲ. ಒಂದ್ಸಲಾನೂ ಹಾಕಿಲ್ಲ," ಎಂದು ಈ ಸೋಮವಾರ ಬಂದ ಗಿರಾಕಿಯೊಬ್ಬ ಶೂ ಪೆಟ್ಟಿಗೆಯನ್ನು ನನ್ನತ್ತ ನೂಕಿದ.

ಶೂವಿನ ತಳ ತೊಳೆದು ಹೊಳೆಯುತ್ತಿತ್ತು. ಒಳಗೆ ಮಾತ್ರ ತೇವ ಆರಿರಲಿಲ್ಲ.

"ಹಾಕಿಲ್ಲ ಅಂದ್ರೆ ಒದ್ದೆ ಹೆಂಗಾಯ್ತು ಸರ್?"

"ಏನ್ರೀ, ನಾನು ಸುಳ್ಳು ಹೇಳ್ತೀನಾ? ಕರೀರಿ ನಿಮ್ ಮ್ಯಾನೇಜರ್‌ನ!"

ಮ್ಯಾನೇಜರ್ ಬಂದವರೇ ನನ್ನ ಮೇಲೆ ಹರಿಹಾಯ್ದರು. "ಕಸ್ಟಮರ್ ಜೊತೆ ಹಿಂಗಾ ಮಾತಾಡೋದು? ಮೊದ್ಲು ಸಾರಿ ಕೇಳು."

ಅಂಗಡಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಹನ್ನೊಂದು ವರ್ಷ ಜನರ ಕಾಲಬುಡದಲ್ಲಿ ಕೂತು ಶೂ ತೊಡಿಸಿದವನು ನಾನು. ಹಲ್ಲು ಕಚ್ಚಿಕೊಂಡು "ಸಾರಿ ಸರ್" ಎಂದೆ. ಆತ ಮೀಸೆಯಡಿಯಲ್ಲೇ ನಕ್ಕ.

"ನೋಡು, ಹೊಚ್ಚ ಹೊಸಾದು," ಎನ್ನುತ್ತ ಮ್ಯಾನೇಜರ್ ಶೂ ಒಳಗೆ ಕೈ ಹಾಕಿ ತುದಿಯವರೆಗೂ ತಡಕಾಡಿದರು. ಕೈ ಹೊರಗೆ ತೆಗೆದಾಗ ನಡುಬೆರಳಿನಲ್ಲಿ ಜಿಗಣೆಯೊಂದು ನೇತಾಡುತ್ತಿತ್ತು. ಅವರು ಕಿರುಚುತ್ತ ಅದನ್ನು ಕೀಳಲು ಹೋದರು.

"ಎಳೀಬೇಡಿ ಸರ್, ಉಪ್ಪು ಹಾಕಿ!" ಆತ ಗಾಬರಿಯಿಂದ ಕೂಗಿದ. "ನಿನ್ನೆ ಬೆಟ್ಟದಲ್ಲಿ ನನಗೂ ಹಿಂಗೇ ಕಚ್ಕೊಂಡಿತ್ತು!"