ಹದಿನೇಳನೆಯ ತೊಟ್ಟಿ

ಹದಿನೇಳನೆಯ ಗಾಜಿನ ತೊಟ್ಟಿಯಲ್ಲಿದ್ದ ಹೆಣ್ಣು ಮೀನು ಬೆಳಿಗ್ಗೆ ಹತ್ತರ ಹೊತ್ತಿಗೆ ಒಂಬತ್ತು ಮರಿ ಹಾಕಿತು. ಐವತ್ತೊಂಬತ್ತರ ವಿಜ್ಞಾನಿ ಎರಡು ಸಲ ಎಣಿಸಿದಳು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಎಣಿಸಿದಳು. ಆ ಹೆಣ್ಣು ಗಂಡಿನ ಮುಖ ನೋಡಿ ಹದಿನಾಲ್ಕು ತಿಂಗಳಾಗಿತ್ತು. ಒಂದೇ ಸಲ ಕೂಡಿ, ಗಂಡಿನ ಬೀಜವನ್ನು ಒಡಲಲ್ಲೇ ಕಾಪಿಟ್ಟುಕೊಂಡು, ಕಂತುಕಂತಾಗಿ ಮರಿ ಹಾಕುವ ಜಾತಿ ಅದು. ಎಷ್ಟು ಕಾಲ ಕಾಪಿಡಬಲ್ಲದು ಎಂಬ ಒಂದೇ ಪ್ರಶ್ನೆಯ ಹಿಂದೆ ಆಕೆ ಮೂವತ್ತು ವರ್ಷ ಸವೆಸಿದ್ದಳು. ಒಬ್ಬಂಟಿ ಹೆಣ್ಣೊಂದು ಪ್ರವಾಹದಲ್ಲಿ ಕೊಚ್ಚಿಕೊಂಡು ಎಲ್ಲೋ ಹೊಸ ಹಳ್ಳ ಸೇರಿದರೂ, ಎಷ್ಟು ತಡವಾದರೂ, ಅಲ್ಲೊಂದು ವಂಶವೇ ಬೆಳೆಯಬಲ್ಲದು ಎಂಬುದು ಆಕೆಯ ವಾದ. ಹತ್ತು ತಿಂಗಳಿಗೆಲ್ಲ ಬೀಜ ಸತ್ತೇ ಹೋಗುತ್ತದೆ ಎಂದು ಉಳಿದವರು ಆ ವಾದವನ್ನು ತಳ್ಳಿಹಾಕುತ್ತಲೇ ಬಂದಿದ್ದರು. ಆಕೆಯ ನಿವೃತ್ತಿಗೆ ಇನ್ನು ಆರೇ ವಾರ ಉಳಿದಿತ್ತು.

ಖುಷಿ ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದಳು. "ಅಕ್ಕಾ, ಒಂಬತ್ತು ಮರಿ!"

"ಅಯ್ಯೋ, ಮೀನಿನ ವಿಷಯಾನಾ? ನಿನ್ನ ದನಿ ಕೇಳಿ, ಈಗಲಾದ್ರೂ ಮದುವೆ ಗಿದುವೆ ಅಂತೀಯೇನೋ ಅಂದ್ಕೊಂಡೆ ಕಣೇ. ಒಲೆ ಮೇಲೆ ಹಾಲಿದೆ, ಇಡ್ತೀನಿ."

ಇನ್ಯಾರಿಗೆ ಹೇಳುವುದೆಂದು ಫೋನಿನಲ್ಲಿ ಹುಡುಕಿದಳು. ಹೆಸರುಗಳೇನೋ ಬೇಕಾದಷ್ಟಿದ್ದವು. ಅರ್ಧ, ಗಾಜಿನ ಸಾಮಾನು ಮಾರುವವರದು. ಇನ್ನರ್ಧ, ಆಕೆಯ ವಾದ ಒಪ್ಪದವರದು. ಅಷ್ಟರಲ್ಲಿ ನೀರು ಬದಲಿಸಲು ತೊಟ್ಟಿಯಣ್ಣ ಬಂದ. ಹನ್ನೆರಡು ವರ್ಷದಿಂದ ಆ ಕೋಣೆಯ ತೊಟ್ಟಿಗಳನ್ನು ತೊಳೆಯುತ್ತಿದ್ದ ಆತನನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ.

"ಬನ್ನಿ ತೊಟ್ಟಿಯಣ್ಣ, ನೋಡಿ ಬನ್ನಿ! ಪ್ರಬಂಧದ ಕೊನೇಲಿ ನಿಮ್ಮ ಹೆಸರೂ ಹಾಕ್ತೀನಿ. ಇದನ್ನ ನೋಡ್ಕೊಂಡವರು ನೀವೇ ಅಲ್ವಾ?"

ಆತ ಮರಿಗಳತ್ತ ಒಮ್ಮೆ ನೋಡಿದ. ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟ. "ನನ್ನ ಹೆಸರು ಬೇಡ ಮೇಡಂ. ಹೋದ ತಿಂಗಳು ನೀವು ಮೂರು ದಿನ ಸಮ್ಮೇಳನಕ್ಕೆ ಹೋಗಿದ್ರಲ್ಲ... ಇದು ಹೊತ್ತುಗೊತ್ತಿಲ್ಲದೆ ಗಾಜಿಗೆ ಮೂತಿ ಕುಟ್ಕೊಳ್ತಿತ್ತು. ನಮ್ಮನೆಯವಳು ತೀರಿಕೊಂಡಾಗ ನಾನೂ ಹೀಗೇ ಗೋಡೆ ನೋಡ್ಕೊಂಡು ಕೂರ್ತಿದ್ದೆ. ಕಣ್ಣಾರೆ ನೋಡೋಕಾಗ್ಲಿಲ್ಲ. ಆ ಕಡೆ ತೊಟ್ಟಿಯಿಂದ ಒಂದು ಗಂಡನ್ನ ತಂದು ಬಿಟ್ಟೆ. ನೀವು ಬರೋ ಹೊತ್ತಿಗೆ ತೆಗೆದುಬಿಟ್ಟೆ. ಸುಮ್ನೆ ಜೊತೆಗಿರಲಿ ಅಂತ, ಅಷ್ಟೇ."

"ಬರೀ ಜೊತೆಗೇ ಆದ್ರೆ ಒಂದು ಹೆಣ್ಣನ್ನ ಬಿಡಬಹುದಿತ್ತಲ್ಲ!"

"ಅದು ಹೊಳೀಲೇ ಇಲ್ಲ ಮೇಡಂ."

ಆಕೆ ಸ್ಟೂಲೆಳೆದು ಕುಳಿತಳು. ಈ ಮೀನು ಬಸಿರು ಹೊರುವುದು ಒಂದು ತಿಂಗಳು. ಲೆಕ್ಕ ದಿನ ತಪ್ಪದೆ ಕೂಡಿಬಂದಿತ್ತು. ಸಿಟ್ಟು ನೆತ್ತಿಗೇರಿತು, ಬೈಯಲೆಂದು ಬಾಯಿ ತೆರೆದಳು. ಆತ ಒದ್ದೆ ಕೈಗಳನ್ನು ಅಂಗಿಗೆ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದುದು ಕಂಡು, ಬೈಗುಳ ಬಿಟ್ಟು ಮೇಜಿನ ಮೇಲಿನ ಪ್ರಯೋಗದ ದಾಖಲೆ ಪುಸ್ತಕ ತೆರೆದಳು.

"ನಾನು ಬಾಯಿ ಬಿಡಲ್ಲ ಮೇಡಂ," ಎಂದ ಆತ. "ನಮ್ಮಿಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನೀವು ಬರೆದು ಕಳಿಸಿಬಿಡಿ."

ಆ ಮಾತು ಆಕೆಯ ಮನಸ್ಸಿಗೂ ಆಗಲೇ ಬಂದುಹೋಗಿತ್ತು. ಸುಮ್ಮನಿದ್ದರೆ ಸಾಕು, ಮೂವತ್ತು ವರ್ಷ ಸಾರ್ಥಕ. ಇನ್ನೊಂದು ಹೆಣ್ಣನ್ನು ಹದಿನಾಲ್ಕು ತಿಂಗಳು ಕಾಯಲು ಆಕೆಗೆ ತೊಟ್ಟಿಯೂ ಇರುವುದಿಲ್ಲ, ಕೋಣೆಯೂ ಇರುವುದಿಲ್ಲ. ಬೆಳಿಗ್ಗೆ ಅಕ್ಷರ ತಿದ್ದಿದ ಹಾಗೆ ಬರೆದಿದ್ದ 'ಗಂಡಿಲ್ಲದೆ ಹದಿನಾಲ್ಕು ತಿಂಗಳು, ಒಂಬತ್ತು ಮರಿ' ಎಂಬ ಸಾಲು ಪುಸ್ತಕದಲ್ಲಿ ಇನ್ನೂ ಹೊಳೆಯುತ್ತಿತ್ತು. ಅದನ್ನು ಇನ್ನೊಮ್ಮೆ ಓದಿ, ತೊಟ್ಟಿಯತ್ತ ತಿರುಗಿದಳು.

"ಆ ಮೂರು ದಿನ ಮೂತಿ ಕುಟ್ಕೊಳ್ಳೋದು ನಿಲ್ಲಿಸ್ತಾ?" ಎಂದು ಕೇಳಿದಳು.

"ನಿಲ್ಲಿಸ್ತು ಮೇಡಂ."

ಅಳತೆಪಟ್ಟಿ ಇಟ್ಟು ಬೆಳಗಿನ ಸಾಲನ್ನು ಹೊಡೆದುಹಾಕಿದಳು. ಕೆಳಗೆ ಹೊಸ ಸಾಲು ಬರೆದಳು: 'ಗಂಡು ಮೀನು ಬಿಡಲಾಗಿತ್ತು. ಅವಧಿ, ಮೂರು ದಿನ. ಕಾರಣ...' ಅಲ್ಲಿಗೆ ಪೆನ್ನು ನಿಂತಿತು. ರೋಗ, ಸೋರಿಕೆ, ನೀರಿನ ಬಿಸಿ ಎಂದೆಲ್ಲ ಆ ಜಾಗದಲ್ಲಿ ಬರೆದು ಅಭ್ಯಾಸವಿತ್ತು.

"ಕಾರಣ ಏನಂತ ಬರೀಲಿ?"

"ಹೇಳಿದ್ನಲ್ಲ ಮೇಡಂ."

ಆಕೆ 'ಒಂಟಿತನ' ಎಂದು ಬರೆದಳು. ಅದರ ಕೆಳಗೆ, ವಾಡಿಕೆಯಂತೆ, ಸಹಿ ಹಾಕಿದಳು.